ಗಾಡಿ ಹೂತ್ಕೊಂಡಿದ್ದ ಜಾಗ

ಕೂತ್ಕೋ ಕಣಮ್ಮಿ, ಕಾಫಿ ಆರೋದ್ರೊಳಗೆ ಹೇಳ್ಬುಡ್ತೀನಿ. ಎಷ್ಟೋ ವರ್ಷದ ಹಿಂದೆ ಭೀಮನಬೀಡಿನ ನಮ್ಮ ಹೊಲಕ್ಕೆ ಮೈಯೆಲ್ಲ ಕೆಸರಾದ ಒಬ್ಬರು ಓಡಿಬಂದು, "ಅಜ್ಜಿ, ಗಾಡಿ ಹೂತ್ಕೊಂಡಿದೆ" ಅಂದ್ರು. ಸಂಜೆಯಾದ್ರೆ ಅಲ್ಲಿ ಆನೆ ಇಳೀತವೆ.

"ಎತ್ತು ಬಿಚ್ಚುದ್ರಾ?" ಅಂದೆ. ಹೋಗಿ ನೋಡಿದ್ರೆ ಬೈಕು!

"ರೋಡಿರ್ಲಿಲ್ವಾ ಸ್ವಾಮಿ?"

"ರೋಡಿಲ್ಲದ ಕಡೆ ಓಡಿಸಿ, ಪತ್ರಿಕೇಲಿ ಬರೆಯೋದೇ ನನ್ನ ಕೆಲಸ ಅಜ್ಜಿ."

"ನಿಮ್ಮನೇಲಿ ಹೇಳೋರು ಕೇಳೋರು ಇಲ್ವಾ?" ಅಂತ ಬೈದು, ನಮ್ಮೆತ್ತು ಕಟ್ಟಿ ಎಳೆಸಿದೆ. ಅದನ್ನೂ ಬರೆದ್ರಂತೆ, ಓದಿದ ಹುಡುಗ್ರೆಲ್ಲ ಆ ಕೆಸರು ಹುಡುಕ್ಕೊಂಡು ಬೈಕಲ್ಲಿ ಬಂದ್ರು.

ಆ ಪತ್ರಿಕೆಯೋರು ಹೋದ ವರ್ಷ ಕಾಯಿಲೆಯಾಗಿ ತೀರ್ಕೊಂಡ್ರು. ಎತ್ತುಗಳು ಮುದಿಯಾಗಿ ಕೊಟ್ಟಿಗೇಲಿ ಮೆಲುಕು ಹಾಕ್ತಾವೆ. ಆ ಕೆಸರು ದಾರಿಗೆ ಪಂಚಾಯ್ತಿಯೋರು ಟಾರು ಹಾಕುದ್ರು. ಮೊನ್ನೆ ಅವರ ನೆನಪಿಗೆ ಆ ಜಾಗ ನೋಡೋಕೆ ಬಂದ ಹುಡುಗ್ರು, ಮುಖ ಸಪ್ಪಗೆ ಮಾಡ್ಕೊಂಡು, "ಅಯ್ಯೋ ಅಜ್ಜಿ, ಒಳ್ಳೇ ದಾರೀನ ಹಾಳು ಮಾಡ್ಬುಟ್ರಲ್ಲಾ" ಅಂದ್ರು.