ಕಿಟಕಿಯಲ್ಲಿದ್ದ ಬಿಗೋನಿಯಾ ಬೀಜ

“ಕಿಟಕ್ಯಾಗ ಸಿಮೆಂಟಿನ ಧೂಳ ಭಾಳ ಬಿದ್ದಿತ್ತವ್ವಾ, ಆ ಕಾಗದಾನೂ ಝಾಡಿಸಿ ಒರಸೀನಿ,” ಎನ್ನುತ್ತ ಅವ್ವ ಬಟ್ಟೆ ಹಿಂಡಿದಳು. ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯಲ್ಲಿ ನಮಗಿದು ದಿನನಿತ್ಯದ ಕೆಲಸ. ಆದರೆ ಆ ಕಾಗದದ ಮೇಲೆ ಬಿತ್ತಲೆಂದು ಬಿಗೋನಿಯಾ ಬೀಜ ಹರವಿದ್ದೆ. ಅವು ಧೂಳಿನಷ್ಟೇ ಸಣ್ಣವು. ಹೋದ ವರ್ಷ ತೀರಿಕೊಂಡ ತಂಗಿಯ ಗಿಡದಿಂದ ಉಳಿದಿದ್ದ ಕೊನೆಯ ಚಿಟಿಕೆ; ಗಿಡ ಬೇಸಿಗೆಯಲ್ಲೇ ಒಣಗಿತ್ತು.

ಮುಟ್ಟಬೇಡ ಎಂದು ಅವ್ವನಿಗೆ ಹೇಳಿದ್ದೆನೇ? ಹೇಳಿದ ನೆನಪಿದೆ. ಆ ನೆನಪು ಆಮೇಲೆ ಹುಟ್ಟಿದ್ದೂ ಇರಬಹುದು. ಅವ್ವನ ಎದುರೇ, ಬೀಜ ಬಿತ್ತಿದವಳಂತೆ ಕುಂಡದ ಬರಿಯ ಮಣ್ಣಿಗೆ ನೀರು ಚಿಮುಕಿಸಿದೆ.

ಈಗ ದಿನವೂ ಅದಕ್ಕೆ ನೀರು ಚಿಮುಕಿಸುವವಳು ಅವ್ವ. “ನಿನ್ನ ತಂಗೀ ಬೀಜ ಇನ್ನಾ ಮೊಳಕಿ ಒಡೀಲಿಲ್ಲಲ್ಲವ್ವಾ?” ಎಂದು ಕೇಳುತ್ತಾಳೆ. “ಇನ್ನಷ್ಟ ದಿನ ಬೇಕವ್ವಾ,” ಎನ್ನುತ್ತೇನೆ.