ವೇಂಡ ಅಂದ ತಪ್ಪಿಗೆ ಬಸ್ಸು ಹೋಯಿತು

ವೈಟ್ಟಿಲ ಬಸ್ ಸ್ಟ್ಯಾಂಡಿಗೆ ಕಾರಿನಲ್ಲಿ ಬಿಡಲಾ ಅಂತ ಸೂಸಿ ಚೇಚಿ ಕೇಳಿದ ತಕ್ಷಣ "ವೇಂಡ ಚೇಚಿ" ಅಂದೆ. ಬೇಡ ಅಕ್ಕ, ಅಂತ. ಉಚ್ಚಾರಣೆ ಕೂಡ ಫಸ್ಟ್ ಕ್ಲಾಸ್!

"ಶೆರಿ ಮೋಳೇ", ಸರಿ ಮಗಳೇ, ಅಂದವರೇ ಚೇಚಿ ಕಾರಿನ ಕೀಯನ್ನು ಗೋಡೆಗೆ ನೇತುಹಾಕಿ ಬಾಗಿಲು ಹಾಕಿಕೊಂಡರು.

ನಾನು ಬ್ಯಾಗ್ ಹಿಡಿದುಕೊಂಡು ಗೇಟಿನ ಹತ್ತಿರ ನಿಂತೇ ಇದ್ದೆ... ಇನ್ನೊಂದು ಸಲ ಕೇಳುತ್ತಾರೆ ಅಂತ.

ನಮ್ಮ ಮೈಸೂರಿನಲ್ಲಿ ಮೊದಲನೇ "ಬೇಡ"ಕ್ಕೆ ಯಾರು ಬೆಲೆ ಕೊಡುತ್ತಾರೆ ಹೇಳಿ? ಅದು ಬರೀ ಪೀಠಿಕೆ. ಎರಡನೇದು ಸಂಕೋಚಕ್ಕೆ. ಮೂರನೇ ಸಲ ಕೇಳಿದಾಗ "ಅಯ್ಯೋ, ನಿಮಗ್ಯಾಕೆ ತೊಂದರೆ" ಅನ್ನುತ್ತಲೇ ಕಾರು ಹತ್ತುವುದು.

ಎಡಪ್ಪಳ್ಳಿಯಲ್ಲಿ ಚೇಚಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ, ಬ್ಯಾಂಕ್ ಕೆಲಸ. ಅವತ್ತು ಮಧ್ಯಾಹ್ನ ತಿರುವನಂತಪುರದಲ್ಲಿ ನನಗೆ ಮಲಯಾಳಂ ಮೌಖಿಕ ಪರೀಕ್ಷೆ. ಪಾಸಾಗದಿದ್ದರೆ ಕೆಲಸ ಖಾಯಂ ಆಗುವುದಿಲ್ಲ.

ಆಟೋ ಹಿಡಿದು ವೈಟ್ಟಿಲ ಮುಟ್ಟುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಚೇಚಿಯನ್ನು ಬೈದುಕೊಂಡೆ. ಎಂಥ ಕಲ್ಲು ಮನಸ್ಸಿನ ಹೆಂಗಸು!

ಊಟಕ್ಕೆ ಟೈಮೇ ಸಿಗಲಿಲ್ಲ, ನೇರ ಪರೀಕ್ಷೆಯ ರೂಮಿಗೆ ಓಡಿದೆ.

ಕನ್ನಡಕದ ಹಿರಿಯರೊಬ್ಬರು ಕೂತಿದ್ದರು. ಮೊದಲನೇ ಪ್ರಶ್ನೆಯೇ "ಊಣು ಕಳಿಚ್ಚೋ?" ಊಟ ಆಯಿತಾ, ಅಂತ.

"ಕಳಿಚ್ಚು ಸಾರ್." ಗುರುತಿಲ್ಲದವರ ಮುಂದೆ ಆಯಿತು ಅನ್ನದೆ ಇನ್ನೇನು ಅನ್ನಲಿ?

ಏನು ಊಟ ಅಂದರು. ಅವಿಯಲ್, ಸಾಂಬಾರ್, ಪಾಯಸ ಅಂತ ಪುಸ್ತಕದಲ್ಲಿದ್ದದ್ದನ್ನೆಲ್ಲ ಬಡಿಸಿದೆ. ಯಾವ ಹೋಟೆಲ್ ಅಂದರು... ಆ ಊರಿನಲ್ಲಿ ನನಗೆ ಗೊತ್ತಿದ್ದದ್ದು ಬಸ್ ಸ್ಟ್ಯಾಂಡ್ ಒಂದೇ. ಅಷ್ಟರಲ್ಲಿ ನನ್ನ ಹೊಟ್ಟೆ, ಇಬ್ಬರಿಗೂ ಕೇಳುವ ಹಾಗೆ, ಗುರ್ರ್ ಅಂದಿತು.

ಅಳುವೇ ಬಂತು. ಚೇಚಿ, ಕಾರು, ಮೂರು ಸಲದ ಲೆಕ್ಕ, ತಪ್ಪಿದ ಬಸ್ಸು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಬಾಯಿಪಾಠ ಮಾಡಿದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ತಪ್ಪು ತಪ್ಪು ಮಲಯಾಳಂ, ಆದರೆ ಎಲ್ಲೂ ನಿಲ್ಲಲಿಲ್ಲ.

ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ, ಚಹಾ ತರಿಸಲಾ ಅಂದರು.

ಬೇಡ ಅನ್ನಲು ಹೊರಟ ಬಾಯನ್ನು ಅರ್ಧದಾರಿಯಲ್ಲೇ ಹಿಡಿದು ನಿಲ್ಲಿಸಿದೆ. ಬೇಕು ಸಾರ್, ಜೊತೆಗೆ ಎರಡು ಪಳಂಪೊರಿ ಅಂದೆ. ಬಿಸಿ ಬಿಸಿ ಬಾಳೆಹಣ್ಣಿನ ಬಜ್ಜಿ ತಿನ್ನುತ್ತಲೇ ಪಾಸಾದೆ!

ವಾಪಸ್ ಬಂದು ಚೇಚಿಗೆ ಎಲ್ಲ ಹೇಳಿದೆ. ಮೊದಲು ಜೋರಾಗಿ ನಕ್ಕರು. ಆಮೇಲೆ ಮುಖ ಸಣ್ಣಗಾಯಿತು. ನಿಜವಾಗಿಯೂ ಬರಬೇಕು ಅಂತ ಇತ್ತಾ ಮೋಳೇ? ನೀನೇ ಬೇಡ ಅಂದ ಮೇಲೆ ಮತ್ತೆ ಮತ್ತೆ ಕೇಳಿದರೆ ನಿನ್ನ ಮಾತಿಗೆ ಏನು ಮರ್ಯಾದೆ ಕೊಟ್ಟ ಹಾಗಾಯಿತು, ಅಂದರು.

ನನಗೆ ನಾಚಿಕೆಯಾಯಿತು. ಅವರ ಮರ್ಯಾದೆಯನ್ನೇ ನಾನು ಕಲ್ಲು ಮನಸ್ಸು ಅಂದುಕೊಂಡಿದ್ದೆ.

ಈಗ ನಾನು ಒಂದೇ ಸಲಕ್ಕೆ ಹೂಂ ಅನ್ನುವುದನ್ನು ಕಲಿತಿದ್ದೇನೆ. ಕಷ್ಟ ಏನೆಂದರೆ, ಅಷ್ಟರಲ್ಲಿ ಚೇಚಿ ಮೂರು ಸಲ ಕೇಳುವುದನ್ನು ಕಲಿತುಬಿಟ್ಟಿದ್ದಾರೆ. ನಾನು ಕಾರು ಹತ್ತಿ ಬೆಲ್ಟ್ ಹಾಕಿಕೊಂಡ ಮೇಲೂ "ಬರ್ತೀಯಾ?" ಅಂತ ಇನ್ನೆರಡು ಸಲ ಕೇಳುತ್ತಾರೆ.

ಮೊದಲನೇ "ಬೇಡ"ವನ್ನು ಯಾರೋ ನಂಬಿಬಿಟ್ಟು ನೀವು ಏನೇನು ಕಳೆದುಕೊಂಡಿದ್ದೀರಿ?