ಮದ್ದು ಹಾಕಿದವರು ಯಾರೂ ಇಲ್ಲ

ನಾನು ನನ್ನ ಗಂಡನಿಗೆ ಮದ್ದು ಹಾಕಿಲ್ಲ. ನನ್ನ ಅತ್ತೆಯೂ ಮಾವನಿಗೆ ಹಾಕಿರಲಿಲ್ಲ. ಸೊಸೆಯೂ ನನ್ನ ಮಗನಿಗೆ ಹಾಕಿಲ್ಲ. ರೋಗ ಆ ಮನೆಯ ಗಂಡಸರ ರಕ್ತದಾಗ ಇತ್ತು. ನಡೆದದ್ದು ಇಷ್ಟೇ.

ಗಂಡ ಮುಷ್ಟಿಯೊಳಗ ಇರಲಿ ಅಂತ ಹೆಂಡತಿ ಊಟದಾಗ ಏನೋ ಬೆರೆಸುತ್ತಾಳೆ, ಅದರಿಂದ ಅವನ ತಲೆ ಕೆಡುತ್ತದೆ ಅಂತ ನಮ್ಮ ಕಡೆ ನಂಬುತ್ತಾರೆ. ಮಾವ ಐವತ್ತು ತುಂಬುವ ಮೊದಲೇ ತನ್ನ ಮನೆಯ ಬಾಗಿಲು ಮರೆತ. ಅತ್ತೆಯನ್ನು ಒಲೆಯ ಹತ್ತಿರ ಬಿಡಲಿಲ್ಲ. ಮದ್ದು ಹಾಕಿದಾಕೆ ಅನ್ನುವ ಹೆಸರು ಹೊತ್ತುಕೊಂಡೇ ಆಕೆ ಮಣ್ಣಿಗೆ ಹೋದಳು.

ನನ್ನ ಗಂಡ ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ. ನೂಲು ಹರಿದರೆ ಕಣ್ಣು ಮುಚ್ಚಿ ಗಂಟು ಹಾಕುವವ. ಒಂದು ದಿನ ಎರಡೂ ತುದಿ ಹಿಡಿದು ಸುಮ್ಮನೆ ನಿಂತ. ಗಂಟು ಮರೆತಿತ್ತು, ಅವನಿಗೂ ಐವತ್ತು ತುಂಬಿರಲಿಲ್ಲ. ಗಡಹಿಂಗ್ಲಜದಿಂದ ನಾದಿನಿ ಬಂದು ಅಣ್ಣನನ್ನು ಮದ್ದು ತೆಗೆಯುವವನ ಹತ್ತಿರ ಒಯ್ದಳು. ಅವ ಏನೋ ಕುಡಿಸಿ ವಾಂತಿ ಮಾಡಿಸಿದ. ಬಂದದ್ದು ನಾನು ಕಡ್ಲಿ ಹಿಟ್ಟಿನಾಗ ಮಾಡಿದ ಜುಣಕದ ವಡಿ. "ಇದ ನೋಡ್ರಿ ಮದ್ದು" ಅಂದ. ಜುಣಕದ ಗುರುತು ಸಿಗದವ ರೋಗದ ಗುರುತು ಹಿಡಿಯಾಕ ಹೊಂಟಿದ್ದ!

ಗಂಡ ಹಂಗೇ ಹೋದ, ಹೆಸರು ನನಗೆ ಉಳಿಯಿತು. ಈಗ ಮಗನಿಗೂ ಅದೇ ವಯಸ್ಸು, ಅದೇ ಹರಿದ ನೂಲು. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಸೊಸೆಯ ಜೊತೆ ಅವನನ್ನು ಕೊಲ್ಹಾಪುರಕ್ಕೆ ಒಯ್ದೆ. ತಲೆಯ ಫೋಟೋ ತೆಗೆದರು, ರಕ್ತ ತೆಗೆದು ಕಳಿಸಿದರು. ವರದಿ ಬಂದ ಮೇಲೆ ಮತ್ತೆ ಹೋದೆವು. ಎಲ್ಲರ ಮರೆವೂ ಹೀಗೆ ಬರುವುದಿಲ್ಲ, ನಿಮ್ಮ ಮನೆಯಲ್ಲಿ ಮಾತ್ರ ಅಪ್ಪನಿಂದ ಮಗನಿಗೆ ಇಳಿದಿದೆ ಅಂತ ಡಾಕ್ಟರ್ ಬಾಯಿ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಈ ರೋಗ ಇದ್ದವರಿಗೆ ಹುಟ್ಟುವ ಒಂದೊಂದು ಕೂಸಿಗೂ ನಾಣ್ಯ ಹಾರಿಸಿ ಛಾಪಾ-ಕಾಟಾ ನೋಡಿದಂಗಂತೆ. ಬರಬಹುದು, ಬರದೆಯೂ ಇರಬಹುದು. ಗುಣ ಮಾಡುವ ಔಷಧಿ ಇಲ್ಲ ಅಂತಲೂ ಹೇಳಿದಳು. ಸುಳ್ಳು ಧೈರ್ಯ ಕೊಡಲಿಲ್ಲ. ಅದಕ್ಕೇ ನಂಬಿದೆ.

ಮನೆಗೆ ಬಂದರೆ ನಾದಿನಿ ಕಟ್ಟೆಯ ಮೇಲೆ ಹಾಜರು.

"ವೈನಿ, ಸೊಸೀನ ತವರಿಗೆ ಕಳಸ್ರಿ. ಇನ್ನ ಆಕಿ ಕೈಯಾನ ಊಟ ಬ್ಯಾಡ."

ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಅವಳ ದನಿ ಇಳಿಯಿತು.

"ಅಪ್ಪನ ರಕ್ತ ಅಂದ್ರ ನಂದೂ ಅದ ಅಲ್ರೀ. ಮೊಮ್ಮಗಳಿಗೆ ವರ ನೋಡಾಕತ್ತೇವಿ. ಮದ್ದು ಅಂತನ ಇರಲಿ. ಯಾರಿಗೇನ ನಷ್ಟ?"

ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಮಣ್ಣಿಗೆ ಹೋದ ನಿಮ್ಮವ್ವನ್ನ ಕೇಳು ಏನ ನಷ್ಟ ಅಂತ," ಅಂದೆ. "ನಿನಗ ಎಪ್ಪತ್ತಾತು, ತಲಿ ಕತ್ತರಿ ಇದ್ದಂಗ ಐತಿ. ನಿನಗ ಬಂದಿಲ್ಲಂದ್ರ ನಿನ್ನ ಮೊಮ್ಮಗಳಿಗೂ ಬರಂಗಿಲ್ಲ. ಅಂಜಿಕಿ ಇದ್ರ ಡಾಕ್ಟರನ್ನ ಕೇಳು. ಛಾಪಾ-ಕಾಟಾ ಇರೋದು ನನ್ನ ಮೊಮ್ಮಕ್ಕಳಿಗೆ. ಇವತ್ತ ಮುಚ್ಚಿದ್ರ ನಾಳೆ ಅವರ ಹೆಂಡ್ತೇರಿಗೂ ಇದ ಹೆಸರು."

"ಮಂದಿ ಏನಂದಾರ?"

"ಮಂದಿಗೆ ನಾನ ಹೇಳ್ತೇನಿ."

ಮರುದಿನ ಮುಂಜಾನೆ ನಲ್ಲಿಗೆ ನೀರು ಬಂದಾಗ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ಮಗನನ್ನು ಕಟ್ಟೆಯ ಮೇಲೆ ಕೂಡಿಸಿ, ಸೊಸೆಗೆ ಬಿಸಿ ರೊಟ್ಟಿ, ಜುಣಕದ ವಡಿ ತರಲು ಕೂಗಿದೆ. ಒಂದೇ ತಾಟು. ಅವನಿಗೊಂದು ತುತ್ತು, ನನಗೊಂದು ತುತ್ತು. "ಮದ್ದಲ್ಲ, ಅಪ್ಪನ ಕಡಿಂದ ಬಂದ ರೋಗ" ಅಂತ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ನಾದಿನಿಗೂ ಒಂದು ತಾಟು ಇಡಿಸಿದೆ. ಮುಟ್ಟಲಿಲ್ಲ.

ಅದನ್ನೂ ನಾನೇ ತಿಂದೆ.